ಒಬ್ಬ ತಂದೆಯ ಪತ್ರದಿಂದ: ಆಟಿಸಂ ಮಕ್ಕಳ ಹೆತ್ತವರ ಚರಿತ್ರೆ

ನಮ್ಮ ಬಳಗದ ತಿಂಗಳ ಸಭೆಗೆ ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತಮ್ಮ ಆರು ವರ್ಷದ ಮಗನೊಡನೆ ಬರುತ್ತಿದ್ದರು. ಮಗು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಹಿಂದಿನ ಗೋಡೆಯನ್ನು ಬೆರಳಿನಿಂದ ಸವರುತ್ತ ಈ ಮೂಲೆಯಿಂದ ಆ ಮೂಲೆಗೆ ನಡೆಯುತ್ತಿದ್ದ. ಚಪ್ಪಾಳೆ ಬಿದ್ದೊಡನೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಒಂದು ಭಾನುವಾರ ಗಮಕ ವಾಚನ ನಡೆಯುತ್ತಿದ್ದಾಗ ಜೋರಾಗಿ ಕೂಗಿಕೊಂಡ. ನಮ್ಮ ಹಿರಿಯರೊಬ್ಬರು, ‘ಮಗುವನ್ನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿಯಮ್ಮ’ ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆಕೆ ಹೊರಗೆ ಹೋದರು, ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಯಾಕೆಂದು ನಾವು ಕೇಳಲೂ ಇಲ್ಲ.

ಎರಡು ವರ್ಷಗಳ ಮೇಲೆ ನಮ್ಮಲ್ಲೊಬ್ಬರಿಗೆ ಆಕೆ ಮೆಟ್ರೋ ನಿಲ್ದಾಣದಲ್ಲಿ ಸಿಕ್ಕರು. ಮಗನಿಗೆ ಆಟಿಸಂ ಎಂದು ಗೊತ್ತಾದ ದಿನವೇ ಡಾಕ್ಟರು, ‘ಮನೆಯಲ್ಲಿ ಎರಡು ಮೂರು ಭಾಷೆ ಬೇಡ, ಹಿಂದಿ ಒಂದೇ ಸಾಕು’ ಎಂದಿದ್ದರಂತೆ. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆಯವರಿಗೆ ಹಿಂದಿ ಬಾರದು. ಅವರು ಮೊಮ್ಮಗನೊಡನೆ ಮಾತನಾಡುವುದನ್ನೇ ನಿಲ್ಲಿಸಿ, ಕೊನೆಗೆ ಊರಿಗೆ ಮರಳಿದರು. ‘ಆಮೇಲೆ ನಿಮ್ಮ ಸಭೆಗೆ ಬಂದು ನಾನೇನು ಮಾಡಲಿ?’ ಎಂದು ಆಕೆ ಕೇಳಿದರು. ಈ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ಇಂಥ ತಾಯ್ತಂದೆಯರು ಎಲ್ಲಿ ಹೋಗುತ್ತಾರೆ, ಅವರಿಗೆ ಯಾರು ಆಸರೆ ಎಂದು ಹುಡುಕುತ್ತ ಹೋದಾಗ ತೆರೆದುಕೊಂಡ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಆಟಿಸಂ ಎಂಬ ಪದವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ‘ತಾನು’ ಎಂಬರ್ಥದ ಗ್ರೀಕ್ ಮೂಲದಿಂದ ರೂಪಿಸಿದ. ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ಬಳಕೆಗೆ ಬಂದಿದೆ. ಕೇಳಲು ಸೊಗಸಾದ ಪದ. ತನ್ನಲ್ಲೇ ತಾನು ಲೀನವಾದವನು ಎಂದರೆ ನಮ್ಮ ಕಿವಿಗೆ ಶರಣರ, ಯೋಗಿಗಳ ಸಮೀಪದ ಮಾತಾಗಿ ಕೇಳಿಸುತ್ತದೆ. ಆದರೆ ನಸುಕಿನ ಮೂರು ಗಂಟೆಗೆ ನಿದ್ದೆಯಿಲ್ಲದೆ ಕುಣಿಯುವ ಮಗುವಿನ ತಾಯಿಗೆ ಈ ಪದದಿಂದ ಪ್ರಯೋಜನವಿಲ್ಲ. ಹೆತ್ತವರೆಲ್ಲ ‘ಆಟಿಸಂ’ ಎಂದೇ ಹೇಳುತ್ತಾರೆ. ನಾವೂ ಹಾಗೆಯೇ ಬರೆಯುತ್ತೇವೆ.

ಈ ಸ್ಥಿತಿಯ ವೈದ್ಯಕೀಯ ಚರಿತ್ರೆಯನ್ನು ಸಾಮಾನ್ಯವಾಗಿ 1943ರಿಂದ ಹೇಳುತ್ತಾರೆ. ಅದಕ್ಕೂ ಮೊದಲು 1920ರ ದಶಕದಲ್ಲಿ ಮಾಸ್ಕೋದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಆರು ಹುಡುಗರ ಬಗ್ಗೆ ಬರೆದಿದ್ದರು. ಬಹುಕಾಲ ಯಾರೂ ಓದಲಿಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ. ಅದರಲ್ಲಿ ಮೊದಲನೆಯವನು ‘ಡೊನಾಲ್ಡ್ ಟಿ.’ ಈತ ಮಿಸಿಸಿಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್ ಎಂಬುದು ಅನಂತರ ಜಗತ್ತಿಗೆ ತಿಳಿಯಿತು.

ಇಲ್ಲಿ ಒಂದು ಸಂಗತಿಯ ಬಳಿ ನಿಲ್ಲಬೇಕು. ಮೂರು ವರ್ಷದ ಡೊನಾಲ್ಡನನ್ನು ವೈದ್ಯರ ಸಲಹೆಯಂತೆ ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಬಿಟ್ಟಿದ್ದರು. ಆ ಕಾಲದ ರೂಢಿಯೇ ಅದು: ಬಿಟ್ಟು ಬನ್ನಿ, ಮರೆತುಬಿಡಿ, ಇನ್ನೊಂದು ಮಗು ಪಡೆಯಿರಿ. ತಾಯ್ತಂದೆಯರಿಗೆ ಮರೆಯಲಾಗಲಿಲ್ಲ. 1938ರಲ್ಲಿ ಮಗನನ್ನು ಮನೆಗೆ ಕರೆತಂದರು. ವಕೀಲನಾಗಿದ್ದ ತಂದೆ ಕ್ಯಾನರ್‌ಗೆ 33 ಪುಟಗಳ ಪತ್ರ ಬರೆಸಿ ಕಳಿಸಿದ. ಮಗ ಏನು ತಿನ್ನುತ್ತಾನೆ, ಯಾವ ವಸ್ತುವನ್ನು ಬುಗುರಿಯಂತೆ ತಿರುಗಿಸುತ್ತಾನೆ, ಯಾವ ಮಾತನ್ನು ಹೇಗೆ ಮರುನುಡಿಯುತ್ತಾನೆ ಎಂಬ ಸೂಕ್ಷ್ಮ ವಿವರಗಳೆಲ್ಲ ಅದರಲ್ಲಿದ್ದವು. ಕ್ಯಾನರನ ಪ್ರಸಿದ್ಧ ಲೇಖನದ ಮೊದಲ ಪುಟಗಳು ನಿಂತಿರುವುದು ಈ ಪತ್ರದ ಮೇಲೆ. ಅಂದರೆ ಆಟಿಸಂ ಎಂಬ ಜ್ಞಾನಶಾಖೆಯ ಅಡಿಗಲ್ಲು ಒಬ್ಬ ತಂದೆಯ ಬರವಣಿಗೆ. ಆದರೆ ಅದೇ ಜ್ಞಾನಶಾಖೆ ಮುಂದೆ ಹೆತ್ತವರನ್ನು ಕಟಕಟೆಯಲ್ಲಿ ನಿಲ್ಲಿಸಿತು.

ಆ ಪತ್ರವನ್ನೇ ಕ್ಯಾನರ್ ‘ಗೀಳಿನ ಮನಸ್ಸಿನ’ ಹೆತ್ತವರ ಲಕ್ಷಣವೆಂದೂ ಓದಿದ. ಈ ಮಕ್ಕಳು ಕರಗದ ಮಂಜಿನ ಫ್ರಿಜ್ಜಿನಲ್ಲಿ ಬೆಳೆದಂತಿದ್ದಾರೆಂಬ ಹೋಲಿಕೆಯನ್ನು 1949ರ ಸುಮಾರಿಗೆ ಕೊಟ್ಟವನೂ ಅವನೇ. ‘ಫ್ರಿಜ್ ತಾಯಿ’ ಎಂಬ ಕ್ರೂರ ಮಾತು ಹಬ್ಬಿತು. ಅದಕ್ಕೆ ಸಿದ್ಧಾಂತದ ಪೋಷಾಕು ತೊಡಿಸಿದವನು ಷಿಕಾಗೋದ ಬ್ರೂನೊ ಬೆಟೆಲ್‌ಹೈಮ್. ಈತ ನಾಟ್ಸಿಗಳ ಡಾಹೌ ಮತ್ತು ಬೂಕನ್‌ವಾಲ್ಡ್ ಶಿಬಿರಗಳಲ್ಲಿ ಸೆರೆಯಾಗಿದ್ದವನು. 1967ರ ತನ್ನ ಪುಸ್ತಕದಲ್ಲಿ ಆಟಿಸಂ ಮಗುವಿನ ಮನಃಸ್ಥಿತಿಯನ್ನು ಶಿಬಿರದ ಕೈದಿಗಳ ಮನಃಸ್ಥಿತಿಗೆ ಹೋಲಿಸಿದ. ಹೋಲಿಕೆಯನ್ನು ಮುಂದುವರಿಸಿದರೆ ಕಾವಲುಗಾರ್ತಿಯ ಜಾಗದಲ್ಲಿ ನಿಲ್ಲುವವಳು ತಾಯಿ. ಅಂಥ ನರಕವನ್ನು ಕಂಡು ಬಂದವನೇ ಈ ಮಾತನ್ನಾಡಿದ್ದು ನಮಗೆ ಇಂದಿಗೂ ಅರ್ಥವಾಗದ ಸಂಗತಿ.

ನಮ್ಮಲ್ಲಿ ಬೆಟೆಲ್‌ಹೈಮನನ್ನು ಓದಿದವರು ವಿರಳ. ಆದರೆ ಆರೋಪ ಮಾತ್ರ ನಮಗೂ ಹೊಸತಲ್ಲ. ‘ಬಸುರಿಯಲ್ಲಿ ಗ್ರಹಣ ನೋಡಿದಳು’, ‘ಕೆಲಸಕ್ಕೆ ಹೋಗುತ್ತಾಳೆ, ಮಗುವನ್ನು ಟಿವಿ ಮುಂದೆ ಕೂರಿಸುತ್ತಾಳೆ’, ‘ಮನೆದೇವರ ಹರಕೆ ತೀರಿಸಿಲ್ಲ’. ಇದರ ಜೊತೆಗೆ ಸಮಾಧಾನದ ವೇಷದಲ್ಲಿ ಬರುವ ಇನ್ನೊಂದು ಮಾತು: ‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತು ಕಲಿತದ್ದು, ಬಿಡಿ.’ ಮೊದಲಿನ ಮಾತುಗಳು ತಾಯಿಯ ಮನಸ್ಸನ್ನು ಮುರಿದರೆ, ಕೊನೆಯ ಮಾತು ಮಗುವಿನ ಎರಡು ಅಮೂಲ್ಯ ವರ್ಷಗಳನ್ನು ನುಂಗುತ್ತದೆ. ಆರೋಪಗಳಲ್ಲಿ ತಂದೆಯ ಹೆಸರು ಬರುವುದು ಎಷ್ಟು ಅಪರೂಪ ಎಂಬುದನ್ನೂ ಗಮನಿಸಬೇಕು.

ಈ ಆರೋಪದ ವಿರುದ್ಧ ಎದ್ದು ನಿಂತವರು ಹೆತ್ತವರೇ. ಲಂಡನ್ನಿನಲ್ಲಿ 1962ರಲ್ಲಿ ಕೆಲವು ತಾಯ್ತಂದೆಯರು ಸೇರಿ ಒಂದು ಸಂಘ ಕಟ್ಟಿದರು. ಅದೇ ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಕಟ್ಟಿದವರಲ್ಲಿ ಮನೋವೈದ್ಯೆ ಲೋರ್ನಾ ವಿಂಗ್ ಒಬ್ಬರು. ಅವರ ಮಗಳಿಗೆ ಆಟಿಸಂ ಇತ್ತು. ವೈದ್ಯೆಯಾಗಿದ್ದರೂ ತಮ್ಮ ಓದಿನಲ್ಲಿ ಅದರ ಬಗ್ಗೆ ಕಲಿತದ್ದು ಏನೂ ಇರಲಿಲ್ಲ. ಮಕ್ಕಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳದಿದ್ದಾಗ ಈ ಸಂಘ 1965ರಲ್ಲಿ ಸಿಬಿಲ್ ಎಲ್ಗರ್ ಎಂಬ ಶಿಕ್ಷಕಿಯೊಡನೆ ತಾನೇ ಒಂದು ಶಾಲೆ ತೆರೆಯಿತು.

ಅಮೆರಿಕದಲ್ಲಿ ಕಥೆ ಇನ್ನಷ್ಟು ಕುತೂಹಲದ್ದು. ಬರ್ನಾರ್ಡ್ ರಿಮ್ಲಂಡ್ ನೌಕಾಪಡೆಯಲ್ಲಿ ಕೆಲಸಕ್ಕಿದ್ದ ಮನಶ್ಶಾಸ್ತ್ರಜ್ಞ. 1956ರಲ್ಲಿ ಹುಟ್ಟಿದ ಮಗ ಮಾರ್ಕ್ ತೊಟ್ಟಿಲಿನಲ್ಲಿಯೇ ಬೇರೆಯಾಗಿ ಕಂಡ. ರಿಮ್ಲಂಡ್ ಸಿಕ್ಕ ಸಂಶೋಧನೆಗಳನ್ನೆಲ್ಲ ಓದಿ, ತಾಯಿಯ ತಣ್ಣನೆಯ ಮನಸ್ಸಿನಿಂದ ಆಟಿಸಂ ಬರುತ್ತದೆ ಎನ್ನಲು ಪುರಾವೆಯೇ ಇಲ್ಲ, ಇದು ದೇಹಮೂಲವಾದದ್ದು ಎಂದು 1964ರಲ್ಲಿ ಪುಸ್ತಕ ಬರೆದ. ಮುನ್ನುಡಿ ಬರೆದುಕೊಟ್ಟವನು ಅದೇ ಕ್ಯಾನರ್! ಪುಸ್ತಕದ ಕೊನೆಯಲ್ಲಿ ಒಂದು ಪ್ರಶ್ನಾವಳಿ ಇತ್ತು, ವೈದ್ಯರ ಬಳಕೆಗೆಂದು. ಹೆತ್ತವರು ಅದನ್ನು ತಾವೇ ತುಂಬಿ ರಿಮ್ಲಂಡನಿಗೆ ಅಂಚೆಯಲ್ಲಿ ಕಳಿಸತೊಡಗಿದರು. ಮತ್ತೆ ಪತ್ರಗಳೇ. ಒಂದೇ ನೋವಿನವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ನಾಡಿನಾದ್ಯಂತ ಹರಡಿಕೊಂಡಿದ್ದಾರೆ ಎಂಬುದು ಆ ಲಕೋಟೆಗಳ ರಾಶಿಯಿಂದ ತಿಳಿಯಿತು. 1965ರಲ್ಲಿ ನ್ಯೂಜೆರ್ಸಿಯ ಒಂದು ಮನೆಯಲ್ಲಿ ಕೂಡಿ ಆಟಿಸಂ ಮಕ್ಕಳ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಅದರ ಮೊದಲ ಚುನಾಯಿತ ಅಧ್ಯಕ್ಷೆ ರೂತ್ ಸಲಿವನ್ ಏಳು ಮಕ್ಕಳ ತಾಯಿ. ಅಂಗವಿಕಲ ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಟ್ಟ 1975ರ ಅಮೆರಿಕದ ಕಾನೂನಿಗಾಗಿ ದುಡಿದವರಲ್ಲಿ ಒಬ್ಬರು. 1969ರಲ್ಲಿ ಇದೇ ಸಂಘದ ಸಮಾವೇಶದಲ್ಲಿ ಕ್ಯಾನರ್ ಎದ್ದು ನಿಂತು, ಹೆತ್ತವರನ್ನು ತಾನು ಆರೋಪಮುಕ್ತಗೊಳಿಸುತ್ತಿದ್ದೇನೆ ಎಂದು ಘೋಷಿಸಿದ. ನ್ಯಾಯಾಧೀಶನ ಧಾಟಿಯ ಮಾತು. ಕ್ಷಮೆ ಕೇಳಬೇಕಾದ ಜಾಗದಲ್ಲಿ ಬಿಡುಗಡೆಯ ಆದೇಶ. ಆದರೂ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ.

ವಿಜ್ಞಾನದ ತೀರ್ಪು ಬರಲು ಇನ್ನೂ ಎಂಟು ವರ್ಷ ಹಿಡಿಯಿತು. 1977ರಲ್ಲಿ ಸೂಸನ್ ಫೋಲ್ಸ್ಟೀನ್ ಮತ್ತು ಮೈಕಲ್ ರಟ್ಟರ್ 21 ಜೋಡಿ ಅವಳಿಗಳನ್ನು ಪರೀಕ್ಷಿಸಿದರು. ಏಕರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಭಿನ್ನರೂಪಿಗಳ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಇದರ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ ಎಂಬುದಕ್ಕೆ ಅದು ಮೊದಲ ಗಟ್ಟಿ ಸಾಕ್ಷ್ಯ. 1979ರಲ್ಲಿ ಲೋರ್ನಾ ವಿಂಗ್ ಮತ್ತು ಜೂಡಿತ್ ಗೂಲ್ಡ್ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳ ಅಧ್ಯಯನ ಪ್ರಕಟಿಸಿದರು. ಕ್ಯಾನರನ ಇಕ್ಕಟ್ಟಾದ ವ್ಯಾಖ್ಯೆಯೊಳಗೆ ಬರದ, ಆದರೆ ಅದೇ ಬಗೆಯ ತೊಡಕುಗಳಿರುವ ಮಕ್ಕಳು ಎಷ್ಟೋ ಮಂದಿ ಇದ್ದಾರೆಂದು ಅದು ತೋರಿಸಿತು. ಇಂದು ನಾವು ಆಡುವ ‘ಸ್ಪೆಕ್ಟ್ರಮ್’ ಎಂಬ ಮಾತು ಬೆಳೆದದ್ದು ಅಲ್ಲಿಂದ.

ಹೆತ್ತವರ ಚಳವಳಿ ಎಲ್ಲ ಕಾಲದಲ್ಲೂ ಸರಿದಾರಿಯಲ್ಲೇ ನಡೆಯಿತೆಂದು ಬರೆದರೆ ಅದು ಚರಿತ್ರೆಯಾಗುವುದಿಲ್ಲ, ಸ್ತೋತ್ರವಾಗುತ್ತದೆ. ತಾಯಂದಿರನ್ನು ಆರೋಪದಿಂದ ಬಿಡಿಸಿದ ರಿಮ್ಲಂಡನೇ ಮುಂದೆ ಲಸಿಕೆಯಿಂದ ಆಟಿಸಂ ಬರುತ್ತದೆಂಬ ವಾದದ ಬೆನ್ನಿಗೆ ನಿಂತ. ಆ ಭೀತಿಯನ್ನು ಹಬ್ಬಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಬಿಟ್ಟಿದ್ದವು. ಕಂಗೆಟ್ಟವರ ನಡುವೆ ಪವಾಡ ಮಾರುವವರಿಗೆ ಒಳ್ಳೆಯ ಸಂತೆ. ನಮ್ಮ ನಗರಗಳಲ್ಲೂ ‘ಗುಣಪಡಿಸುತ್ತೇವೆ’ ಎಂಬ ಫಲಕಗಳು ಕಡಿಮೆಯೇನಿಲ್ಲ. ಇನ್ನೊಂದು ಟೀಕೆ ಒಳಗಿನಿಂದಲೇ ಬಂತು. 1993ರಲ್ಲಿ ಟೊರಾಂಟೋದ ಸಮ್ಮೇಳನದಲ್ಲಿ, ಸ್ವತಃ ಆಟಿಸಂ ಇರುವ ಜಿಮ್ ಸಿಂಕ್ಲೇರ್ ಹೆತ್ತವರನ್ನೇ ಉದ್ದೇಶಿಸಿ ಮಾತನಾಡಿದರು. ನೀವು ಅಳುತ್ತಿರುವುದು ನೀವು ಬಯಸಿದ, ಎಂದೂ ಹುಟ್ಟದ ಮಗುವಿಗಾಗಿ. ಎದುರಿಗಿರುವ ನಮಗಾಗಿ ಅಳಬೇಡಿ ಎಂಬುದು ಅವರ ಮಾತಿನ ಸಾರ. ಹೆತ್ತವರ ಸಂಘಗಳಿಗೆ ಇದು ನುಂಗಲಾರದ ತುತ್ತಾಯಿತು. ಮಕ್ಕಳು ದೊಡ್ಡವರಾಗಿ ತಮ್ಮ ಪರವಾಗಿ ತಾವೇ ಮಾತನಾಡತೊಡಗಿದಾಗ ಹೆತ್ತವರು ಪಕ್ಕಕ್ಕೆ ಸರಿದು ಕೂರಬೇಕಾಗುತ್ತದೆ. ಅದು ಯಾವ ಮನೆಯಲ್ಲಿಯೂ ಸುಲಭವಲ್ಲ.

ಇನ್ನು ನಮ್ಮ ದೇಶ. ದೆಹಲಿಯಲ್ಲಿ 1991ರಲ್ಲಿ ಮೆರಿ ಬರುವಾ ಎಂಬ ತಾಯಿ ಇತರ ಹೆತ್ತವರೊಡನೆ ಸೇರಿ ‘ಆ್ಯಕ್ಷನ್ ಫಾರ್ ಆಟಿಸಂ’ ಸಂಸ್ಥೆಯನ್ನು ಆರಂಭಿಸಿದರು. ಅವರ ಮಗನಿಗೆ ಆಟಿಸಂ ಇತ್ತು. ಆಗ ನಮ್ಮ ಬಹುತೇಕ ಮಕ್ಕಳ ತಜ್ಞರಿಗೂ ಈ ಪದದ ಪರಿಚಯ ಅಷ್ಟಕ್ಕಷ್ಟೆ. ‘ಬುದ್ಧಿಮಾಂದ್ಯ’ ಎಂದೋ ‘ಹುಚ್ಚು’ ಎಂದೋ ಚೀಟಿ ಅಂಟಿಸಿ ಕಳಿಸುವುದೇ ವಾಡಿಕೆ. 1994ರಲ್ಲಿ ಈ ಸಂಸ್ಥೆ ‘ಓಪನ್ ಡೋರ್’ ಎಂಬ ಶಾಲೆ ತೆರೆಯಿತು. ಹೆತ್ತವರಿಗಾಗಿ ಒಂದು ಪತ್ರಿಕೆಯನ್ನೂ ಹೊರತಂದಿತು. ಬಾಂಗ್ಲಾದಿಂದಲೋ ಕೇರಳದಿಂದಲೋ ಒಬ್ಬ ತಾಯಿ ಪತ್ರ ಬರೆದರೆ ಇನ್ನೊಬ್ಬ ತಾಯಿಯ ಉತ್ತರ ಅಲ್ಲಿ ಸಿಗುವಂಥ ಪತ್ರಿಕೆ.

ಈ ಸಂಸ್ಥೆಯ ಕೆಲಸದಲ್ಲಿ ನಮಗೆ ಬಹಳ ಹಿಡಿಸಿದ್ದು ಅದರ ಮೂರು ತಿಂಗಳ ತರಬೇತಿ. ಇಲ್ಲಿ ಮಗುವನ್ನು ಬಿಟ್ಟು ಹೋಗುವಂತಿಲ್ಲ. ತಾಯಿಯೋ ತಂದೆಯೋ ಮಗುವಿನೊಡನೆ ದಿನವೂ ಬಂದು ಕೂತು ಕಲಿಯಬೇಕು. ದೇಶದ ಬೇರೆ ಊರುಗಳಿಂದ ಬಂದವರು ಹತ್ತಿರದಲ್ಲೇ ಕೋಣೆ ಬಾಡಿಗೆ ಹಿಡಿದು ಉಳಿಯುತ್ತಾರೆ. ಹನ್ನೆರಡು ವಾರ ಒಂದೇ ಕೋಣೆಯಲ್ಲಿ ಕೂತವರು ಪರಸ್ಪರ ನಂಟರಾಗಿಬಿಡುತ್ತಾರೆ. ಒಬ್ಬರ ಮಗು ನೆಲಕ್ಕೆ ಬಿದ್ದು ಹೊರಳಾಡಿದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ತಿರುಗಿ ನೋಡದಿರುವುದು ಎಷ್ಟು ದೊಡ್ಡ ಉಪಕಾರ ಎಂಬುದು ನಮಗೆ ಆ ಭಾನುವಾರ ತಿಳಿದಿರಲಿಲ್ಲ. ಈ ತರಬೇತಿಯ ಬಗ್ಗೆ ಅಧ್ಯಯನಗಳೂ ನಡೆದಿವೆ. ಮಗುವಿನಲ್ಲಿ ಆಗುವ ಬದಲಾವಣೆಯಷ್ಟೇ ಗಂಭೀರವಾಗಿ ಹೆತ್ತವರ ನೋಟದಲ್ಲಿ ಆಗುವ ಬದಲಾವಣೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಕಾನೂನಿನ ಬಾಗಿಲು ತಡವಾಗಿ ತೆರೆಯಿತು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ಆಟಿಸಂ ಅದರಲ್ಲಿ ಇರಲಿಲ್ಲ. ಪ್ರಮಾಣಪತ್ರ ಬೇಕೆಂದರೆ ‘ಬುದ್ಧಿಮಾಂದ್ಯ’ ಎಂದೇ ಬರೆಸಿಕೊಳ್ಳಬೇಕಿತ್ತು. ಹೆತ್ತವರ ಸಂಘಗಳು ಬೆನ್ನು ಬಿಡದೆ ಒತ್ತಾಯಿಸಿದ್ದರಿಂದ 1999ರ ಡಿಸೆಂಬರಿನ ರಾಷ್ಟ್ರೀಯ ನ್ಯಾಸ ಕಾಯ್ದೆಯ ಶೀರ್ಷಿಕೆಯಲ್ಲೇ ಆಟಿಸಂ ಹೆಸರು ಸೇರಿತು. ಈ ಕಾಯ್ದೆಯ ಹಿಂದೆ ಇದ್ದದ್ದು ಇಂಥ ಹೆತ್ತವರೆಲ್ಲರ ರಾತ್ರಿಯ ಪ್ರಶ್ನೆ: ನಾವು ಸತ್ತ ಮೇಲೆ ಯಾರು? ಹದಿನೆಂಟು ತುಂಬಿದ ಮೇಲೆ ತಾಯ್ತಂದೆಯರು ಕಾನೂನಿನ ಕಣ್ಣಿನಲ್ಲಿ ಪೋಷಕರಾಗಿ ಉಳಿಯುವುದಿಲ್ಲ. ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುವ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸಬಹುದೆಂದು ಕಾಯ್ದೆ ಹೇಳಿತು. ಹೆತ್ತವರ ಸಂಘಗಳೂ ನೋಂದಾಯಿಸಿಕೊಳ್ಳಬಹುದೆಂದಿತು. 2009ರಲ್ಲಿ 40 ಅಂಶಗಳ ಭಾರತೀಯ ಅಳತೆಗೋಲು ಸಿದ್ಧವಾಯಿತು. 2016ರ ಹೊಸ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದಾಗ ಆಟಿಸಂ ಅದರಲ್ಲೊಂದಾಗಿ ನಿಂತಿತು. ಕಾಗದದ ಮೇಲೆ ಇಷ್ಟು. ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಯ ಸಾಲಿನಲ್ಲಿ, ಗದ್ದಲಕ್ಕೆ ಹೆದರುವ ಮಗುವನ್ನು ಹಿಡಿದುಕೊಂಡು ನಾಲ್ಕು ಗಂಟೆ ನಿಲ್ಲುವುದು ಏನೆಂದು ಕಾಯ್ದೆಯಲ್ಲಿ ಬರೆದಿಲ್ಲ.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ತನ್ನದೇ ಪುಟಗಳಿವೆ. ಬುದ್ಧಿಮಾಂದ್ಯ, ಆಟಿಸಂ ಮೊದಲಾದವುಗಳಿರುವ ಮಕ್ಕಳ ಹೆತ್ತವರ ಸಂಘಗಳ ರಾಷ್ಟ್ರೀಯ ಒಕ್ಕೂಟವಾದ ‘ಪರಿವಾರ್’ನ ನೆಲೆ ಬೆಂಗಳೂರು. ವಾಕ್ ಚಿಕಿತ್ಸಾ ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ‘ಕಾಮ್ ಡೀಲ್’ ಎಂಬ, ಶಾಲೆಗೆ ಮುನ್ನಿನ ಮಕ್ಕಳ ತರಬೇತಿ ಕ್ರಮವನ್ನು ರೂಪಿಸಿದರು. ನಮ್ಮ ಓದುಗರಿಗೆ ಹೇಳಲೇಬೇಕಾದ ಸಂಗತಿ: ಅವರು ಶಿವರಾಮ ಕಾರಂತರ ಸೊಸೆ. ಇನ್ನೊಂದು ಹೆಸರು ಟಿಟೊ ಮುಖೋಪಾಧ್ಯಾಯ. ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಈ ಮಾತು ಬಾರದ ಹುಡುಗನಿಗೆ ತಾಯಿ ಸೋಮಾ ಅಕ್ಷರದ ಹಲಗೆಯ ಮೂಲಕ ಕಲಿಸಿದರು. ಅವನ ಬರಹಗಳನ್ನು 2000ದಲ್ಲಿ ಬ್ರಿಟನ್ನಿನ ಆಟಿಸ್ಟಿಕ್ ಸೊಸೈಟಿಯೇ ಪುಸ್ತಕವಾಗಿ ತಂದಿತು. ಆ ತಾಯಿ ಅಮೆರಿಕದಲ್ಲಿ ಬೆಳೆಸಿದ ಬೋಧನಾಕ್ರಮದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ತೀವ್ರವಾಗಿದೆ. ಸಹಾಯಕರ ಸುಳಿವೇ ಮಗುವಿನ ಮಾತಾಗಿಬಿಡುವ ಅಪಾಯವಿದೆ ಎಂದು ಅಮೆರಿಕದ ವಾಕ್ ತಜ್ಞರ ಸಂಘ 2018ರಲ್ಲಿ ಎಚ್ಚರಿಸಿ, ಅದನ್ನು ಬಳಸದಂತೆ ಹೇಳಿತು. ಒಂದು ಮನೆಯ ಯಶಸ್ಸು ಎಲ್ಲ ಮನೆಗಳ ಔಷಧವಾಗದು.

ಈಗ ಆ ತಾಯಿಯ ಪ್ರಶ್ನೆಗೆ ಮರಳೋಣ. ‘ಮನೆಭಾಷೆ ಬಿಡಿ’ ಎಂಬ ಸಲಹೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡ ಮನೆಗಳಲ್ಲೂ ಕೇಳಿಬರುತ್ತದೆ. ಕೇಳಲು ತರ್ಕಬದ್ಧ: ಒಂದು ಭಾಷೆಯೇ ಕಷ್ಟ, ಎರಡು ಹೇಗೆ? ಆದರೆ ಪುರಾವೆ ಬೇರೆಯೇ ಹೇಳುತ್ತದೆ. ಕೆನಡಾದಲ್ಲಿ ಹ್ಯಾಂಬ್ಲಿ ಮತ್ತು ಫೊಂಬಾನ್ 75 ಆಟಿಸಂ ಮಕ್ಕಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ಮನೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದೆ ಬಿದ್ದಿರಲಿಲ್ಲ. ಅನಂತರದ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಬಾರದ ಭಾಷೆಯಲ್ಲಿ ತಡವರಿಸುತ್ತ ಮಾತನಾಡುವ ತಾಯಿ ಕಡಿಮೆ ಮಾತನಾಡುತ್ತಾಳೆ, ಅಜ್ಜಿ ಮಾತನಾಡುವುದೇ ಇಲ್ಲ. ಮಗುವಿನ ಕಿವಿಗೆ ಬೀಳುವ ಒಟ್ಟು ಮಾತೇ ತಗ್ಗುತ್ತದೆ. ಹೊರನಾಡಿನಲ್ಲಿ ಕನ್ನಡ ಉಳಿಸುವ ಭಾಷಣಗಳನ್ನು ನಾವು ಬಹಳ ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಒಂದು ಮನೆಯಲ್ಲಿ ಕನ್ನಡ ವೈದ್ಯರ ಚೀಟಿಯಿಂದಲೇ ನಿಂತುಹೋಗುತ್ತಿರುವುದನ್ನು ಮಾತ್ರ ನೋಡಲಿಲ್ಲ.

ಡೊನಾಲ್ಡ್ ಟ್ರಿಪ್ಲೆಟ್ 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡ. ತನ್ನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, ಒಬ್ಬನೇ ಹಲವು ದೇಶ ಸುತ್ತಿ ಬಂದ. ಮನೆಯವರು ಅನುಕೂಲಸ್ಥರಾಗಿದ್ದರು, ಬ್ಯಾಂಕು ಮನೆತನದ್ದೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಅವನನ್ನು ಕುರಿತು ಬರೆದವರು ಊರಿಗೆ ಹೋದಾಗ, ಅವನ ಮನಸ್ಸು ನೋಯಿಸಿದರೆ ಜೋಕೆ ಎಂದು ಊರವರೇ ಎಚ್ಚರಿಸಿದ್ದರಂತೆ.

ಕಳೆದ ರಾಜ್ಯೋತ್ಸವಕ್ಕೆ ನಾವು ಆ ತಾಯಿಗೆ ಫೋನ್ ಮಾಡಿದೆವು. ಇನ್ನೂ ಇಬ್ಬರು ಕನ್ನಡ ತಾಯಂದಿರ ವಿಷಯವನ್ನು ಅವರೇ ತಿಳಿಸಿದರು. ಮೂವರೂ ಫೋನಿನಲ್ಲಿ ಮಾತನಾಡಿಕೊಳ್ಳುತ್ತಿದ್ದಾರೆಂಬುದು ನಮಗೆ ಆಗ ಗೊತ್ತಾಯಿತು. ಸಭಾಂಗಣದ ಪಕ್ಕದ ಕೋಣೆಯನ್ನು ತೆರವು ಮಾಡಿಸಿ ನೆಲಕ್ಕೆ ಜಮಖಾನ ಹಾಸಿದೆವು. ಧ್ವನಿವರ್ಧಕದವನಿಗೆ ಎರಡು ಸಲ ಹೇಳಿ ಸದ್ದು ತಗ್ಗಿಸಿದೆವು. ಮೂರು ಮನೆಯವರೂ ಬಂದಿದ್ದರು. ಒಂದು ಕುಟುಂಬ ಅರ್ಧ ಗಂಟೆಯಲ್ಲೇ ಹೊರಟಿತು. ಈಗ ಎತ್ತರವಾಗಿ ಬೆಳೆದಿರುವ ಆ ಹುಡುಗ ಎರಡು ಗಂಟೆ ಇದ್ದ. ಹೆಚ್ಚು ಹೊತ್ತು ಗೋಡೆಯ ಉದ್ದಕ್ಕೂ ನಡೆದ. ಹುಬ್ಬಳ್ಳಿಯ ಅಜ್ಜಿ ಬಂದಿರಲಿಲ್ಲ. ಈಗ ದಿನವೂ ಸಂಜೆ ವಿಡಿಯೋ ಕರೆಯಲ್ಲಿ ಮೊಮ್ಮಗನಿಗೆ ಅಂದಿನ ಅಡುಗೆಯ ವರದಿ ಒಪ್ಪಿಸುತ್ತಾರೆಂದು ಆ ತಾಯಿ ಹೇಳಿದರು.